ಪರಿಚಯಿಸುವವರ ಸಹಿ

2018ರಲ್ಲಿ ನನ್ನ ಮಗಳು ಕಂಪನಿ ಕೆಲಸದ ಮೇಲೆ ಚೀನಾದ ಶೆನ್‌ಝೆನ್‌ಗೆ ಹೋದಳು. ನಮ್ಮ ಮನೆತನದಲ್ಲಿ ಸಮುದ್ರ ದಾಟಿದವರಲ್ಲಿ ಅವಳೇ ಮೊದಲಿಗಳು. ಹೋದ ನಾಲ್ಕನೇ ದಿನ ರಾತ್ರಿ ಫೋನು ಬಂತು. ಅಳುತ್ತಿರಲಿಲ್ಲ, ಆದರೆ ಇನ್ನೊಂದು ಮಾತು ಹೆಚ್ಚಾದರೆ ಅತ್ತೇಬಿಡುತ್ತಾಳೆ ಅನ್ನುವ ಹಾಗಿತ್ತು ದನಿ.

"ಅಪ್ಪಾ, ಇಲ್ಲಿ ತರಕಾರಿ ಮಾರೋರಿಗೂ ಫೋನಿನಲ್ಲೇ ದುಡ್ಡು ಕೊಡ್ತಾರೆ. ಅದಕ್ಕೆ ಇಲ್ಲಿಯ ಬ್ಯಾಂಕ್ ಖಾತೆ ಬೇಕು. ಖಾತೆಗೆ ಇಲ್ಲಿಯ ಮೊಬೈಲ್ ನಂಬರು, ಮನೆ ವಿಳಾಸ ಎಲ್ಲಾ ಬೇಕು. ಮನೆಯವನು ಮುಂಗಡ ಖಾತೆಯಿಂದಲೇ ಹಾಕಿ ಅಂತಾನೆ. ಎಲ್ಲಿಂದ ಶುರು ಮಾಡ್ಲಿ ಹೇಳಿ?"

ಅಲ್ಲಿಗೆ ಹೋದ ವಿದೇಶದವರು ಹೋಟೆಲು ಬಿಟ್ಟು ಬೇರೆ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕಂತೆ. ಅದೂ ಅವಳ ತಲೆಯ ಮೇಲಿತ್ತು. ನನಗೆ ನಗು ಬಂತು. ಅವಳಿಗೆ ಸಿಟ್ಟು ಬಂತು. ನಗು ಯಾಕೆಂದರೆ, ಇಂಥದೇ ಒಂದು ಸುತ್ತುಬೇಲಿಯ ಬಾಗಿಲಲ್ಲಿ ಮೂವತ್ತಾರು ವರ್ಷ ಕುರ್ಚಿ ಹಾಕಿಕೊಂಡು ಕೂತವನು ನಾನು. ಬ್ಯಾಂಕ್ ಅಧಿಕಾರಿ ಅಂದರೆ ಅದೇ ತಾನೆ?

"ಸರಿ, ಇವತ್ತು ಊಟಕ್ಕೇನು ಮಾಡ್ದೆ?" ಅಂದೆ.

"ನನ್ನ ಹತ್ರ ದೊಡ್ಡ ನೋಟಿತ್ತು. ಅವಳ ಹತ್ರ ಚಿಲ್ಲರೆ ಇರ್ಲಿಲ್ಲ. ತಗೊಂಡು ಹೋಗು, ನಾಳೆ ಕೊಡು ಅಂತ ಸನ್ನೆ ಮಾಡಿದ್ಲು. ನನ್ನ ಹೆಸರೂ ಕೇಳ್ಲಿಲ್ಲ."

ಫೋನು ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಮಗಳ ಚಿಂತೆಯಿಂದಲ್ಲ, ಊಟ ಸಿಕ್ಕಿದೆ ಅಂದ ಮೇಲೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಹದಿನೆಂಟು ವರ್ಷ ಹಿಂದಿನ ನನ್ನದೇ ಒಂದು ವಾರ. ಆ ವಾರದಲ್ಲಿ ನನಗೆ ಬಂದದ್ದೆಷ್ಟು, ನಾನು ಕೊಟ್ಟದ್ದೆಷ್ಟು ಎಂದು ತಾಳೆ ನೋಡಿದರೆ ಇವತ್ತಿಗೂ ಲೆಕ್ಕ ಸರಿಹೋಗುವುದಿಲ್ಲ. ಎಂ.ಕಾಂ. ಓದಿದವನಿಗೆ ಇದಕ್ಕಿಂತ ಅವಮಾನ ಬೇರೆ ಉಂಟೆ?

* * *

2000ದ ಜುಲೈನಲ್ಲಿ ನನಗೆ ಪ್ರಮೋಷನ್ ಆಯಿತು. ಪ್ರಮೋಷನ್ ಜೊತೆಗೆ ಹೊರ ರಾಜ್ಯಕ್ಕೆ ವರ್ಗ. ತಿಪಟೂರಿನಲ್ಲಿ ಕೊಬ್ಬರಿ ವರ್ತಕರ ಚೆಕ್ಕು, ಹುಂಡಿ ನೋಡಿಕೊಂಡು ಹಾಯಾಗಿದ್ದವನನ್ನು ಎತ್ತಿ ಚೆನ್ನೈನ ಮಣಲಿ ಶಾಖೆಗೆ ಹಾಕಿದರು. ಮಣಲಿ ಅಂದಾಗ ನಮ್ಮ ಮನೆಯವಳು, "ಹಿಮದ ಊರಲ್ವೇನ್ರೀ? ಸ್ವೆಟರ್ ಇಡ್ಲಾ?" ಅಂದಳು. ಅದು ಮನಾಲಿ, ಇದು ಮಣಲಿ. ಅಲ್ಲಿ ಹಿಮ, ಇಲ್ಲಿ ಹೊಗೆ.

ಚೆನ್ನೈನ ಉತ್ತರ ತುದಿಯಲ್ಲಿ, ತಿರುವೊಟ್ರಿಯೂರಿನ ಪಶ್ಚಿಮಕ್ಕೆ ಇರುವ ಊರು. ಆಗಿನ್ನೂ ಚೆನ್ನೈ ಕಾರ್ಪೊರೇಷನ್ನಿಗೆ ಸೇರಿರಲಿಲ್ಲ, ಸೇರಿದ್ದು 2011ರಲ್ಲಿ. 1960ರ ದಶಕದಲ್ಲಿ ಅಲ್ಲಿ ಮದ್ರಾಸ್ ರಿಫೈನರೀಸ್, ಮದ್ರಾಸ್ ಫರ್ಟಿಲೈಜರ್ಸ್ ಬಂದವು. ಅವುಗಳ ಬೆನ್ನಿಗೆ ಇನ್ನೂ ಹತ್ತಾರು ಕಾರ್ಖಾನೆ. ಚೆನ್ನೈ ಅಂದರೆ ಮೆರೀನಾ, ಮೈಲಾಪುರ, ಮಲ್ಲಿಗೆ ಹೂವು ಅಂದುಕೊಂಡು ಹೋದವನಿಗೆ ಎದುರಾದದ್ದು ಟ್ಯಾಂಕರುಗಳ ಸಾಲು, ಬಂದರಿಗೆ ಹೋಗಲು ಕಾಯುವ ಕಂಟೇನರ್ ಲಾರಿಗಳ ಸಾಲು, ನೀರಿನ ಲಾರಿಗಾಗಿ ಪ್ಲಾಸ್ಟಿಕ್ ಕೊಡಗಳ ಸಾಲು.

ಜುಲೈ 30, ಭಾನುವಾರ ಬೃಂದಾವನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಸೆಂಟ್ರಲ್ ಹತ್ತಿರ ಒಂದು ಲಾಡ್ಜಿನಲ್ಲಿ ಇಳಿದೆ. ಸೆಕೆಗೆ ನಿದ್ದೆ ಬರದೆ ಹೊರಳಾಡುತ್ತಿದ್ದೆ. ಅದೇ ರಾತ್ರಿ, ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತುಕೊಂಡು ಹೋದ. ನನಗೆ ಗೊತ್ತಾದದ್ದು ಮಾರನೆ ದಿನ, ಶಾಖೆಯಲ್ಲಿ ಡ್ಯೂಟಿ ರಿಪೋರ್ಟ್ ಮಾಡಿಕೊಂಡ ಮೇಲೆ. ನನ್ನ ಕೈ ಕುಲುಕಿದ ಮ್ಯಾನೇಜರ್ ಸಾಹೇಬರು ಎರಡನೇ ಮಾತಿಗೇ, "ಕರ್ನಾಟಕದವರಾ? ಸುದ್ದಿ ಕೇಳಿದಿರಾ?" ಅಂದರು.

ಆ ಹೊತ್ತಿನ ಕನ್ನಡಿಗನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಅಂಗಡಿ ಮುಂಗಟ್ಟು ಮುಚ್ಚಿದವು, ಬಸ್ಸುಗಳು ನಿಂತವು. 1991ರ ಡಿಸೆಂಬರಿನಲ್ಲಿ, ಕಾವೇರಿ ಮಧ್ಯಂತರ ತೀರ್ಪಿನ ಗಲಾಟೆ ಹೊತ್ತಿಗೆ ನಾನು ಬೆಂಗಳೂರಿನ ಒಂದು ಶಾಖೆಯಲ್ಲಿದ್ದೆ. ತಮಿಳರ ಅಂಗಡಿ, ಗುಡಿಸಲುಗಳಿಗೆ ಏನಾಯಿತು ಅನ್ನುವುದನ್ನು ಕಣ್ಣಾರೆ ಕಂಡಿದ್ದೆ. ನಮ್ಮವರು ಅಲ್ಲಿ ಮಾಡಿದ್ದಕ್ಕೆ ಇಲ್ಲಿ ನನ್ನ ಹತ್ತಿರ ವಸೂಲಿ ಮಾಡಿದರೆ? ಬಾಕಿ ವಸೂಲಿ ಅನ್ನುವುದು ನನ್ನ ವೃತ್ತಿಯ ಭಾಷೆ. ಭಯವೂ ಅದೇ ಭಾಷೆಯಲ್ಲಿ ಬಂತು.

* * *

ಮಂಗಳವಾರ ಮನೆ ಹುಡುಕಲು ಹೊರಟೆ. ಮೂರು ಮನೆಯಲ್ಲಿ ಒಂದೇ ಪ್ರಶ್ನೆ: "ಇಂಗೆ ಯಾರೈ ತೆರಿಯುಂ?" ಇಲ್ಲಿ ನಿಮಗೆ ಯಾರು ಗೊತ್ತು? ಯಾರೂ ಗೊತ್ತಿಲ್ಲ ಅಂದರೆ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಚೆನ್ನೈನಲ್ಲಿ ಆಗ ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದು ರೂಢಿಯಾಗಿತ್ತು. ಅಷ್ಟು ಕೈಯಲ್ಲಿರಲಿಲ್ಲ. ಗ್ಯಾಸ್ ಕೇಳಿದರೆ ರೇಷನ್ ಕಾರ್ಡ್, ರೇಷನ್ ಕಾರ್ಡಿಗೆ ಮನೆ ಕರಾರು, ಮನೆಗೆ ಪರಿಚಯದವರು. ಮಗಳು ಹೇಳಿದ ಸುತ್ತುಬೇಲಿ ಇದೇ. ಅವಳದು ಫೋನಿನೊಳಗೆ ಇತ್ತು, ನಮ್ಮದು ಕಾಗದದ ಮೇಲಿತ್ತು.

ಸಂಜೆ ನಮ್ಮ ಶಾಖೆಯ ಜವಾನರು ನನ್ನನ್ನು ಒಂದು ದಿನಸಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರನ್ನು ಊರೆಲ್ಲ 'ಅಣ್ಣಾಚ್ಚಿ' ಅನ್ನುತ್ತಿತ್ತು. ತಿರುನೆಲ್ವೇಲಿ ಕಡೆಯಿಂದ ಬಂದು ಅಂಗಡಿ ಇಟ್ಟವರನ್ನು ಚೆನ್ನೈಯವರು ಹಾಗೆ ಕರೆಯುತ್ತಾರೆ. ಅಂಗಡಿಯ ಮೇಲೆ ಒಂದು ಕೋಣೆ, ಒಂದು ಅಡಿಗೆಮನೆ. ಅಣ್ಣಾಚ್ಚಿ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ ಬೀಗದಕೈ ಕೊಟ್ಟರು.

"ಮುಂಗಡ?" ಅಂದೆ.

"ಸಂಬಳಂ ವರಟ್ಟುಂ ಸಾರ್." ಸಂಬಳ ಬರಲಿ.

ಅವರ ಹೆಂಡತಿಯನ್ನು ನಾನೂ ಎಲ್ಲರಂತೆ ಅಕ್ಕಾ ಅನ್ನತೊಡಗಿದೆ. ಆಕೆ ಒಂದು ಸೀಮೆಎಣ್ಣೆ ಸ್ಟೌ ಕೊಟ್ಟರು. ಅಂದು ರಾತ್ರಿ ಕಿಟಕಿ ತೆಗೆದರೆ ಆಕಾಶದಲ್ಲಿ ಬೆಂಕಿ! ಎತ್ತರದ ಕೊಳವೆಯ ತುದಿಯಲ್ಲಿ ಆಳೆತ್ತರದ ಜ್ವಾಲೆ. ಎಲ್ಲೋ ಅನಾಹುತವಾಗಿದೆ ಅಂತ ಬನಿಯನ್ನಿನಲ್ಲೇ ಕೆಳಗೆ ಓಡಿ ಬಂದೆ. ಅಣ್ಣಾಚ್ಚಿ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, ಅದು ದಿನಾ ಉರಿಯುತ್ತೆ ಸಾರ್, ಹೆಚ್ಚಾದ ಗ್ಯಾಸನ್ನು ಹಾಗೆ ಸುಟ್ಟುಬಿಡುತ್ತಾರೆ ಅಂದರು. ಕೆಲವು ದಿನ ಕಳೆದ ಮೇಲೆ ಆ ಬೆಂಕಿಯ ಬೆಳಕಿನಲ್ಲೇ ಮಲಗುವುದು ಅಭ್ಯಾಸವಾಯಿತು.

ಬುಧವಾರ ಬೆಳಿಗ್ಗೆ ನೀರಿನ ಲಾರಿ ಬಂತು. ಅಲ್ಲಿಯ ಬೋರ್‌ವೆಲ್ ನೀರು ಉಪ್ಪು. ಕುಡಿಯಲು ಲಾರಿ ನೀರೇ ಗತಿ. ನನ್ನಲ್ಲಿ ಕೊಡವೇ ಇರಲಿಲ್ಲ, ಅಕ್ಕ ಕೊಟ್ಟ ಬಕೆಟ್ಟು ಹಿಡಿದು ಸಾಲಿನ ತುದಿಯಲ್ಲಿ ಪೆಚ್ಚಾಗಿ ನಿಂತೆ. ಮುಂದಿದ್ದ ಒಬ್ಬ ಹೆಂಗಸು ತಿರುಗಿ ನೋಡಿ, ನನ್ನ ಕೈಯಿಂದ ಬಕೆಟ್ ಕಿತ್ತುಕೊಂಡು ತನ್ನ ಕೊಡಗಳ ನಡುವೆ ಇಟ್ಟಳು. ಆಫೀಸಿಗೆ ಹೊತ್ತಾಗುತ್ತೆ ಅಂತ ಏನೋ ಅಂದಿರಬೇಕು. ನನಗೆ ಅರ್ಥವಾಗಲಿಲ್ಲ, ನೀರು ಮಾತ್ರ ಸಿಕ್ಕಿತು.

ಭಾಷೆಗೆ ನಾನೊಂದು ಉಪಾಯ ಕಂಡುಕೊಂಡೆ. ಕನ್ನಡದ ಹಕಾರ ತೆಗೆದು ಪಕಾರ ಹಾಕಿದರೆ ಅರ್ಧ ತಮಿಳು ಕೈಗೆ ಸಿಗುತ್ತದೆ. ಹಾಲು ಪಾಲ್, ಹೂವು ಪೂ, ಹತ್ತು ಪತ್ತು, ಹಣ ಪಣಂ. ಈ ಧೈರ್ಯದಲ್ಲಿ ಅಕ್ಕನಿಗೆ "ಪೇಳುಂಗ" ಅಂದೆ, ಹೇಳಿ ಅನ್ನುವ ಅರ್ಥದಲ್ಲಿ. ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಹಾಗೆ ಯಾರೂ ಅನ್ನುವುದಿಲ್ಲ, "ಸೊಲ್ಲುಂಗ" ಅನ್ನಬೇಕು.

ಹೀಗೆ ಮೂರೇ ದಿನದಲ್ಲಿ ಊರು ನನ್ನನ್ನು ಒಳಗೆ ಬಿಟ್ಟುಕೊಂಡಿತ್ತು. ಆದರೆ ಬುಧವಾರ ರಾತ್ರಿ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದಾಗ ಮನೆಯವಳು, "ಹುಷಾರು ರೀ, ಹೊರಗೆ ಕನ್ನಡ ಮಾತಾಡ್ಬೇಡಿ" ಅಂದಳು. ಗುರುವಾರ ಕ್ಷೌರಕ್ಕೆ ಹೋದಾಗ ಕತ್ತರಿ ಆಡಿಸುತ್ತಾ ಆತ ನಿಮ್ಮೂರು ಯಾವುದು ಸಾರ್ ಅಂತ ಸಹಜವಾಗಿ ಕೇಳಿದ. "ಆಂಧ್ರ" ಅಂದುಬಿಟ್ಟೆ. ಹುಟ್ಟಿದ ಊರನ್ನು ಸುಳ್ಳು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಆತ ಸಂತೋಷಪಟ್ಟು ತೆಲುಗಿನಲ್ಲಿ ಶುರು ಮಾಡಿದ. ನನ್ನ ಅವಸ್ಥೆ ನೀವೇ ಊಹಿಸಿಕೊಳ್ಳಿ.

ಶುಕ್ರವಾರ ನಮಗೆ ಶ್ರಾವಣದ ಮೊದಲ ಶುಕ್ರವಾರ, ಅವರಿಗೆ ಆಡಿ ತಿಂಗಳ ಶುಕ್ರವಾರ. ಅಕ್ಕ ತಿರುವೊಟ್ರಿಯೂರಿನ ವಡಿವುಡೈ ಅಮ್ಮನ ಗುಡಿಗೆ ಹೋಗಿಬಂದು ನನಗೆ ಕುಂಕುಮ ಕೊಟ್ಟರು. ಕೊಡುತ್ತಾ ಅಂದ ಮಾತು ನನಗೆ ಸ್ಪಷ್ಟವಾಗಿ ಅರ್ಥವಾಯಿತು: ನಿಮ್ಮ ರಾಜ್‌ಕುಮಾರ್ ಕ್ಷೇಮವಾಗಿ ಮನೆಗೆ ಬರಲಿ ಅಂತ ಬೇಡಿಕೊಂಡೆ, ವಯಸ್ಸಾದವರು ಪಾಪ, ಕಾಡಿನಲ್ಲಿ ಏನು ತಿನ್ನುತ್ತಾರೋ.

ಇದು ಶುಕ್ರವಾರದ ಮಾತು. ಇನ್ನು ಶನಿವಾರ ನಾನು ಮಾಡಿದ್ದನ್ನು ಹೇಳುತ್ತೇನೆ.

* * *

ಶನಿವಾರ ಅರ್ಧ ದಿನ. ತಿಂಗಳ ಮೊದಲ ವಾರ, ಸಂಬಳದ ಗದ್ದಲ. ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ಖಾತೆ ತೆರೆಯುವ ಫಾರಂ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತ. ಕೈಮೇಲೆ ವೆಲ್ಡಿಂಗ್ ಕಿಡಿ ಹಾರಿದ ಕಲೆಗಳು. ಮುಖ ಅರಳಿಸಿಕೊಂಡು ಜೋರಾಗಿ, "ಸಾರ್, ತಾವು ಕನ್ನಡದೋರಂತಲ್ಲ! ನಾನು ಭದ್ರಾವತಿ" ಅಂದ.

ಸಾಲಿನಲ್ಲಿದ್ದ ಹದಿನೈದು ಇಪ್ಪತ್ತು ಜನ ಇತ್ತ ತಿರುಗಿದರು. ಅಥವಾ ತಿರುಗಿದರು ಅಂತ ನನಗೆ ಅನ್ನಿಸಿತು.

ಕಾರ್ಖಾನೆ ನಿಲ್ಲಿಸಿ ದುರಸ್ತಿ ಮಾಡುವ ಹೊತ್ತಿನಲ್ಲಿ ಗುತ್ತಿಗೆದಾರರು ಊರೂರಿನಿಂದ ವೆಲ್ಡರುಗಳನ್ನು ತರಿಸುತ್ತಾರೆ. ಇವನು ಹಾಗೆ ಬಂದವನು. ಕೂಲಿ ನಗದಾಗಿ ಕೈಗೆ ಬರುತ್ತದೆ, ಒಂದೇ ಕೋಣೆಯಲ್ಲಿ ಹನ್ನೊಂದು ಜನ, ಇಟ್ಟ ದುಡ್ಡು ಇಟ್ಟಲ್ಲಿ ಇರುವುದಿಲ್ಲ. ಇದಿಷ್ಟನ್ನೂ ಅವನು ಕನ್ನಡದಲ್ಲಿ ಹೇಳಿದ. ನಾನು ಫಾರಂ ತಿರುವಿ ನೋಡಿದೆ. 'ಪರಿಚಯಿಸುವವರ ಸಹಿ' ಅನ್ನುವ ಜಾಗ ಖಾಲಿ.

"ಇಂಟ್ರೊಡ್ಯೂಸರ್ ರಿಕ್ವೈರ್ಡ್" ಅಂದೆ, ಇಂಗ್ಲಿಷಿನಲ್ಲಿ.

"ಇಲ್ಲಿ ಯಾರೂ ಗೊತ್ತಿಲ್ಲ ಸಾರ್. ಅದಕ್ಕೇ ತಮ್ಮ ಹತ್ರ ಬಂದೆ."

"ನೆಕ್ಸ್ಟ್" ಅಂದೆ.

ಅವನು ಒಂದು ಗಳಿಗೆ ನಿಂತ. ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು ಹೊರಟುಹೋದ.

* * *

ನಾನು ತಪ್ಪು ಮಾಡಿದೆನೆ? ನಿಯಮದ ಪ್ರಕಾರ ಕೇಳಿದರೆ, ಇಲ್ಲ. ಆ ಕಾಲಕ್ಕೆ ಖಾತೆ ತೆರೆಯಲು ಹಳೆಯ ಖಾತೆದಾರರೊಬ್ಬರ ಪರಿಚಯದ ಸಹಿ ಬೇಕೇಬೇಕಿತ್ತು. ನಮ್ಮ ಬ್ಯಾಂಕಿನಲ್ಲಿ ಸಹಿ ಹಾಕುವವರ ಖಾತೆಗೆ ಆರು ತಿಂಗಳಾದರೂ ತುಂಬಿರಬೇಕಿತ್ತು. ಅದಕ್ಕೆ ಕಾರಣವೂ ಉಂಟು. ಕಳ್ಳನೊಬ್ಬ ಬೇರೆಯವರ ಚೆಕ್ಕು ಕದ್ದು, ಅವರ ಹೆಸರಿನಲ್ಲೇ ಖಾತೆ ತೆರೆದು, ಚೆಕ್ಕು ಹಾಕಿ ದುಡ್ಡು ತೆಗೆದುಕೊಂಡು ಪರಾರಿಯಾದ ಅನ್ನಿ. ನಿಜವಾದ ಒಡೆಯ ಬ್ಯಾಂಕಿನ ಮೇಲೆ ದಾವೆ ಹಾಕುತ್ತಾನೆ. ಆಗ ಬ್ಯಾಂಕಿಗೆ ರಕ್ಷಣೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 131ನೇ ಕಲಮಿನದು. ಆದರೆ ಅದು ಸಿಗಬೇಕಾದರೆ ಬ್ಯಾಂಕು ಸದ್ಭಾವನೆಯಿಂದ, ಅಜಾಗರೂಕತೆ ಇಲ್ಲದೆ ನಡೆದುಕೊಂಡಿರಬೇಕು. ಪರಿಚಯವಿಲ್ಲದೆ ಖಾತೆ ತೆರೆದರೆ ಅದೇ ಅಜಾಗರೂಕತೆ. ನನ್ನ ಸರ್ವೀಸಿನಲ್ಲೇ ಒಂದು ಪ್ರಸಂಗ ನೋಡಿದ್ದೇನೆ: ಯಾರದೋ ದಾಕ್ಷಿಣ್ಯಕ್ಕೆ ಸಹಿ ಹಾಕಿದ ಒಬ್ಬ ಬಡ ಟೈಲರ್ ಎರಡು ವರ್ಷ ಪೊಲೀಸು, ಕೋರ್ಟು ಅಂತ ಅಲೆದ. ನಿಯಮ ಮಾಡಿದವರು ಹುಚ್ಚರಲ್ಲ.

ಹಾಗಾದರೆ ನನ್ನ ಮನಸ್ಸಿಗೆ ಇಷ್ಟು ವರ್ಷ ಕಚ್ಚುತ್ತಿರುವುದು ಏನು?

ಅದನ್ನು ಹೇಳಬೇಕಾದರೆ ಒಂದು ಸಣ್ಣ ತಾಂತ್ರಿಕ ವಿಷಯ ಹೇಳಬೇಕು. ಅಷ್ಟು ಸಣ್ಣ ಮೊತ್ತ ಊರಿಗೆ ಕಳಿಸಲು ಆಗ ಖಾತೆಯೇ ಬೇಕಿರಲಿಲ್ಲ. ಕೌಂಟರಿನಲ್ಲಿ ನಗದು ಕಟ್ಟಿ ಅವನ ತಾಯಿಯ ಹೆಸರಿಗೆ ಒಂದು ಡಿಮ್ಯಾಂಡ್ ಡ್ರಾಫ್ಟ್ ಮಾಡಿಸಿ ಅಂಚೆಯಲ್ಲಿ ಕಳಿಸಬಹುದಿತ್ತು. ಅದಕ್ಕೆ ಯಾರ ಸಹಿಯೂ ಬೇಡ. "ಖಾತೆ ಆಗೋದಿಲ್ಲ ತಮ್ಮಾ, ಡ್ರಾಫ್ಟ್ ತಗೊಂಡು ಅಮ್ಮನಿಗೆ ಕಳಿಸು. ಪರಿಚಯಕ್ಕೆ ನಿಮ್ಮ ಮೇಸ್ತ್ರಿಯನ್ನ ಸೋಮವಾರ ಕರ್ಕೊಂಡು ಬಾ" ಅನ್ನಲು ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ತಿಪಟೂರಿನಲ್ಲಾಗಿದ್ದರೆ ಯಾವ ಗಿರಾಕಿಗಾದರೂ ಅಷ್ಟು ಹೇಳಿಯೇ ಕಳಿಸುತ್ತಿದ್ದೆ. ಅಂದು ಹೇಳಲಿಲ್ಲ. ಹೇಳಬೇಕಾದರೆ ಕನ್ನಡದಲ್ಲಿ ಹೇಳಬೇಕಿತ್ತು.

ಅಂದರೆ ಅವನನ್ನು ಹೊರಗೆ ಕಳಿಸಿದ್ದು ನನ್ನ ಹೆದರಿಕೆ. ನಿಯಮವನ್ನು ಅದರ ಮೇಲೆ ಹೊದ್ದುಕೊಂಡೆ, ಅಷ್ಟೆ. ನೋಡುವವರಿಗೆ ಶಿಸ್ತಿನ ಅಧಿಕಾರಿ. ಇನ್‌ಸ್ಪೆಕ್ಷನ್ನಿಗೆ ಬಂದವರು ಬೆನ್ನು ತಟ್ಟಿಯಾರು. ಆದರೆ ಮಾಡಿದ್ದು ಸರಿಯಾಗಿದ್ದರೂ ಮಾಡಿದ ಕಾರಣ ಹೇಡಿತನವಾಗಿದ್ದರೆ ಅದನ್ನು ಸರಿ ಅನ್ನಬಹುದೆ? ಫಲಿತಾಂಶ ಒಂದೇ ತಾನೆ, ಕಾರಣ ಯಾವುದಾದರೇನು ಅಂತ ವಾದಿಸುವವರುಂಟು. ಫಲಿತಾಂಶ ಒಂದೇ ಆಗಿರಲಿಲ್ಲ ಅನ್ನುವುದೇ ನನ್ನ ಉತ್ತರ. ನಿಯಮಕ್ಕಾಗಿ 'ಇಲ್ಲ' ಅಂದವನು ಬೇರೆ ದಾರಿ ತೋರಿಸುತ್ತಾನೆ. ಹೆದರಿ 'ಇಲ್ಲ' ಅಂದವನು 'ನೆಕ್ಸ್ಟ್' ಅನ್ನುತ್ತಾನೆ. ಹೊರಗೆ ಹೋದ ಮನುಷ್ಯನಿಗೆ ಇವೆರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ನನ್ನ ಹೆದರಿಕೆಗೆ ಆಧಾರವಾದರೂ ಇತ್ತೆ? ಆ ವಾರವಿಡೀ ಮಣಲಿಯಲ್ಲಿ ಒಬ್ಬರೂ ನನಗೆ ಒಂದು ಕಹಿ ಮಾತಾಡಲಿಲ್ಲ. ರಾಜ್‌ಕುಮಾರ್ ಅವರ ವಿಷಯವನ್ನೇ ತೆಗೆದುಕೊಳ್ಳಿ. ಅವರ ಗಾಜನೂರು ಇರುವುದು ಗಡಿಯ ತಮಿಳುನಾಡಿನ ಕಡೆ, ತಾಳವಾಡಿ ಹತ್ತಿರ. 'ಬೇಡರ ಕಣ್ಣಪ್ಪ' ತೆರೆಗೆ ಬಂದ 1954ರಿಂದ ಮುಂದೆ ಎಷ್ಟೋ ಕಾಲ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಅವರು ಸಂಸಾರ ಹೂಡಿದ್ದೂ ಅಲ್ಲೇ, ಶಿವರಾಜ್‌ಕುಮಾರ್, ಪುನೀತ್ ಹುಟ್ಟಿದ್ದೂ ಅಲ್ಲೇ. ಕನ್ನಡದ ಅಣ್ಣಾವ್ರು ವರ್ಷಾನುಗಟ್ಟಲೆ ಬದುಕಿದ ಊರಿನಲ್ಲಿ, ಅವರಿಗಾಗಿ ಒಬ್ಬ ತಮಿಳು ಹೆಂಗಸು ಅಮ್ಮನ ಗುಡಿಯಲ್ಲಿ ಬೇಡಿಕೊಂಡ ಮಾರನೆ ದಿನ, ನಾನು ಒಬ್ಬ ಕನ್ನಡದ ಹುಡುಗನ ಎದುರು ಕನ್ನಡ ಬಾರದವನಂತೆ ಕೂತಿದ್ದೆ.

* * *

ಮೂರು ವಾರದ ಮೇಲೆ ಅವನು ಮತ್ತೆ ಬಂದ. ಜೊತೆಗೆ ಅಣ್ಣಾಚ್ಚಿ. ಅವನ ಮಡಿಸಿದ ಫಾರಂ ಅದೇ, ಮಡಿಕೆ ಹರಿಯುವ ಹಾಗಾಗಿತ್ತು. ಪರಿಚಯಿಸುವವರ ಜಾಗದಲ್ಲಿ ಅಣ್ಣಾಚ್ಚಿಯ ಸಹಿ. 'ಇವರನ್ನು ಎಷ್ಟು ಕಾಲದಿಂದ ಬಲ್ಲಿರಿ' ಅನ್ನುವ ಜಾಗ ಮಾತ್ರ ಖಾಲಿ.

"ಏನಂತ ಬರೆಯೋದು ಸಾರ್?" ಅಂದರು ಅಣ್ಣಾಚ್ಚಿ.

"ಒಂದು ವರ್ಷ ಅಂತ ಹಾಕಿ, ಯಾರೂ ಕೇಳೋದಿಲ್ಲ" ಅಂದೆ. ಉದಾರಿಯಾಗಿಬಿಟ್ಟಿದ್ದೆ ನೋಡಿ ಅಷ್ಟು ಹೊತ್ತಿಗೆ!

"ಎದುಕ್ಕು ಪೊಯ್?" ಸುಳ್ಳು ಯಾಕೆ? ಮೂರು ವಾರ ಅಂತಲೇ ಬರೆಸಿದರು. ಖಾತೆ ತೆರೆದೆ.

ಅಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ, ನನ್ನ ಮುರುಕು ತಮಿಳಿನಲ್ಲಿ ಕೇಳಿದೆ: ಮೂರು ವಾರದ ಗುರುತಿಗೆ ಸಹಿ ಹಾಕಿದಿರಲ್ಲ, ಏನು ಧೈರ್ಯ? ಅವರು ಉದ್ರಿ ಪುಸ್ತಕ ತೆರೆದು ತೋರಿಸಿದರು. ಆ ಹುಡುಗ ಮೊದಲು ಬಂದಾಗ ಒಂದು ಕಿಲೋ ಅಕ್ಕಿ ಸಾಲ ಕೇಳಿದ. ಕೊಟ್ಟೆ. ಶನಿವಾರ ಕೂಲಿ ಬಂದಾಗ ತಾನಾಗಿ ತಂದುಕೊಟ್ಟ. ಮುಂದಿನ ವಾರ ಅಕ್ಕಿ, ಬೇಳೆ, ಎಣ್ಣೆ ಕೊಟ್ಟೆ. ಅದನ್ನೂ ತಂದುಕೊಟ್ಟ. ಮೂರನೇ ವಾರ ಸಹಿ ಕೇಳಿದ.

"ಮೊದಲ ಕಿಲೋ ಕೊಡದೆ ಓಡಿಹೋಗಿದ್ದರೆ?"

"ಒಂದು ಕಿಲೋ ಅಕ್ಕಿ ಹೋಗ್ತಿತ್ತು ಸಾರ್. ನನ್ನ ಅಂಗಡಿ ಮುಳುಗ್ತಿರಲಿಲ್ಲ." ತಾವು ಹುಡುಗನಾಗಿ ತಿರುನೆಲ್ವೇಲಿ ಕಡೆಯಿಂದ ಬಂದಾಗ ಯಾರೋ ಒಬ್ಬರು ತಮ್ಮನ್ನು ಅಂಗಡಿಯ ಮೂಟೆಗಳ ಮೇಲೆ ಮಲಗಲು ಬಿಟ್ಟಿದ್ದನ್ನೂ ಹೇಳಿದರು.

"ನನಗೆ ಮುಂಗಡ ಇಲ್ಲದೆ ಬೀಗದಕೈ ಕೊಟ್ಟಿರಲ್ಲ, ಅದು?" ಅಂದೆ. ಒಳ್ಳೆಯ ಮುಖ ನೋಡಿ ಕೊಟ್ಟೆ ಅಂತಾರೇನೋ ಅಂತ ಆಸೆ. ಅಣ್ಣಾಚ್ಚಿ ಜೋರಾಗಿ ನಕ್ಕರು. ನೀವು ಬ್ಯಾಂಕ್ ಆಫೀಸರ್, ಎಲ್ಲಿಗೆ ಓಡಿಹೋಗ್ತೀರಿ?

ಆಗ ನನಗೆ ಬೆಳಕು ಹರಿಯಿತು. ಯಾರ ಪರಿಚಯವೂ ಇಲ್ಲದೆ ಈ ಊರು ನನ್ನನ್ನು ನಂಬಿತು ಅಂತ ನಾನು ಒಳಗೊಳಗೇ ಬೀಗುತ್ತಿದ್ದೆ. ನಿಜವಾಗಿ ನನ್ನ ಫಾರಮ್ಮಿನಲ್ಲಿ ಸಹಿ ಇತ್ತು. ನನ್ನ ಕುರ್ಚಿ ಅದನ್ನು ಹಾಕಿಕೊಟ್ಟಿತ್ತು. ಕುರ್ಚಿ ಇಲ್ಲದ ಆ ಹುಡುಗನಿಗೆ ಸಹಿ ಬೇಕಾದಾಗ, ಅದೇ ಕುರ್ಚಿಯ ಮೇಲೆ ಕೂತು ನಾನು ಇಲ್ಲ ಅಂದಿದ್ದೆ. ಅಣ್ಣಾಚ್ಚಿ ನನ್ನನ್ನು ನಂಬಿದ್ದು ವ್ಯಾಪಾರ. ಅವನನ್ನು ನಂಬಿದ್ದೇ ನಿಜವಾದ ನಂಬಿಕೆ. ನೀರಿನ ಸಾಲಿನ ಆ ಹೆಂಗಸಿಗೆ ಮಾತ್ರ ನಾನು ಯಾರೆಂದೇ ಗೊತ್ತಿರಲಿಲ್ಲ. ಆಕೆ ಕೊಟ್ಟ ಒಂದು ಬಕೆಟ್ ನೀರಿಗೆ ಯಾವ ಜಾಮೀನೂ ಇರಲಿಲ್ಲ.

* * *

'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಅನ್ನುವುದು ನಮ್ಮ ಕಡೆಯ ಗಾದೆ. ಸಾಲ ವಿಭಾಗದಲ್ಲಿ ಕೂತವರು ದಿನಕ್ಕೆರಡು ಸಲ ನೆನೆಸಿಕೊಳ್ಳುವ ಗಾದೆ. ಸುಳ್ಳಲ್ಲ. ಆದರೂ ಯಾರಾದರೊಬ್ಬರು ಕೋಡಂಗಿಯಾಗಲು ಒಪ್ಪದಿದ್ದರೆ ಪರಊರಿನಲ್ಲಿ ಯಾರೂ ಒಂದು ವಾರ ಬದುಕಲಾರರು. ವಿಳಾಸಕ್ಕೆ ಖಾತೆ, ಖಾತೆಗೆ ವಿಳಾಸ ಅನ್ನುವ ಸುತ್ತುಬೇಲಿಗೆ ಕಾಗದದಲ್ಲಿ ಬಾಗಿಲಿಲ್ಲ. ಮನುಷ್ಯರೊಬ್ಬರು ಒಳಗಿಂದ ಕೈ ಚಾಚಬೇಕು.

ಹಾಗಂತ ಕಂಡಕಂಡವರನ್ನು ಕಣ್ಣುಮುಚ್ಚಿ ನಂಬಿ ಅಂತ ಹೇಳುತ್ತಿಲ್ಲ, ಟೈಲರನ ಕಥೆ ಮರೆತಿಲ್ಲ. ಅಣ್ಣಾಚ್ಚಿಯ ಲೆಕ್ಕ ನನಗೆ ಒಪ್ಪಿಗೆ: ಕಳೆದುಕೊಂಡರೂ ಮುಳುಗದಷ್ಟನ್ನು ಮೊದಲು ಕೊಡು, ಉಳಿದದ್ದನ್ನು ಅವನೇ ಸಂಪಾದಿಸಲಿ. ಬ್ಯಾಂಕಿಂಗ್ ಪುಸ್ತಕಗಳಲ್ಲೂ ಹೆಚ್ಚು ಕಡಿಮೆ ಇದನ್ನೇ ಬರೆದಿರುತ್ತಾರೆ, ಮುನ್ನೂರು ಪುಟದಲ್ಲಿ. ಆದರೆ ಮೊದಲ ಕಿಲೋ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದನ್ನು ಕೊಡುವಾಗ ಎದುರಿಗಿರುವವನ ಬಗ್ಗೆ ನಮಗೆ ಏನೂ ಗೊತ್ತಿರುವುದಿಲ್ಲ. ನಮಗೊಮ್ಮೆ ಯಾರೋ ಹಾಗೆ ಕೊಟ್ಟಿದ್ದರು ಅನ್ನುವುದಷ್ಟೇ ಗೊತ್ತು. ಅದು ಋಣ. ಕೊಟ್ಟವರಿಗೆ ತಿರುಗಿ ಕೊಡಲು ಹೋದರೆ ಅವರು ತೆಗೆದುಕೊಳ್ಳುವುದಿಲ್ಲ. ಆ ನೀರಿನ ಹೆಂಗಸಿಗೆ ನಾನು ಏನು ಕೊಡಲಿ? ಹಾಗಾಗಿ ನಮ್ಮ ಮೇಜಿನ ಮುಂದೆ ಬಂದು ನಿಂತ ಇನ್ನೊಬ್ಬ ಹೊಸಬನೇ ಅದರ ಹಕ್ಕುದಾರ.

ಆಮೇಲೆ ಕಾಲ ಬದಲಾಯಿತು. ರಿಸರ್ವ್ ಬ್ಯಾಂಕಿನ 2002, 2004ರ ಸೂಚನೆಗಳಿಂದ 'ನಿಮ್ಮ ಗ್ರಾಹಕರನ್ನು ತಿಳಿಯಿರಿ' ಅನ್ನುವ ಪದ್ಧತಿ ಬಂದು, ಪರಿಚಯದ ಸಹಿಗಿಂತ ದಾಖಲೆಗಳು ಮುಖ್ಯವಾದವು. ದಾಖಲೆ ಇಲ್ಲದ ಬಡವರು ಹೊರಗುಳಿದಾಗ, 2005ರಲ್ಲಿ ಸಣ್ಣ ಖಾತೆಗಳಿಗೆ ಹಳೆಯ ಖಾತೆದಾರರ ಪರಿಚಯ ಸಾಕು ಅಂತ ಸಡಿಲಿಸಿದರು. 2014ರಲ್ಲಿ ಜನಧನ ಬಂತು. ಇವತ್ತು ಆ ಹುಡುಗ ಬಂದರೆ ಬೆರಳು ಒತ್ತಿ ಹತ್ತು ನಿಮಿಷದಲ್ಲಿ ಖಾತೆ ತೆರೆಯುತ್ತಾನೆ. ನನ್ನಂಥವನ ಮುಖ ನೋಡುವ ಕರ್ಮ ಅವನಿಗಿಲ್ಲ. ಒಳ್ಳೆಯದೇ ಆಯಿತು. ಆದರೆ ಅಕ್ಕಿ, ನೀರು, ಮಲಗುವ ಜಾಗ ಇವೆಲ್ಲ ಬೆರಳು ಒತ್ತಿದರೆ ಸಿಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಖಾತೆ ಇದ್ದವರೂ ಊರ ದಾರಿ ಹಿಡಿದು ನಡೆದದ್ದನ್ನು ನೋಡಿದೆವಲ್ಲ.

ಮಗಳಿಗೆ ಮಾರನೆ ದಿನ ನಾನೇ ಫೋನು ಮಾಡಿದೆ. ತರಕಾರಿಯವಳ ಬಾಕಿ ಕೊಟ್ಟೆಯಾ ಅಂತ ಮೊದಲು ಕೇಳಿದೆ. ಬೆಳಿಗ್ಗೆಯೇ ಚಿಲ್ಲರೆ ಮಾಡಿಸಿ ಕೊಟ್ಟೆ ಅಂದಳು. ಎರಡು ವರ್ಷ ಅಲ್ಲಿದ್ದಳು. ಆಮೇಲೆ ಬಂದ ಒಬ್ಬ ಒಡಿಶಾದ ಹುಡುಗಿಯನ್ನು ಮೊದಲ ವಾರ ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಳಂತೆ. ನಾನು ಹೇಳಿಕೊಟ್ಟದ್ದಲ್ಲ.

ಭದ್ರಾವತಿಯ ಹುಡುಗನ ಕೆಲಸ ನವೆಂಬರ್ ಕೊನೆಗೆ ಮುಗಿಯಿತು. ಖಾತೆ ಮುಚ್ಚಿ ದುಡ್ಡು ತೆಗೆದುಕೊಂಡು ಊರಿಗೆ ಹೊರಟ. ನನ್ನ ಮೇಜಿನ ಹತ್ತಿರ ಬಂದು, ಮೊದಲ ದಿನದಷ್ಟೇ ಜೋರಾಗಿ, "ಬರ್ತೀನಿ ಸಾರ್" ಅಂದ. ಸಾಲಿನಲ್ಲಿ ಅವತ್ತೂ ಜನ ಇದ್ದರು. "ಹೋಗಿಬಾಪ್ಪ, ಅಮ್ಮನ್ನ ಚೆನ್ನಾಗಿ ನೋಡ್ಕೋ" ಅಂತ ನಾನೂ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ. ಅವನು ನಕ್ಕು ಕೈಮುಗಿದ. ಆದರೆ ಇದನ್ನು ನನ್ನ ಜಮಾ ಕಡೆ ಬರೆದುಕೊಳ್ಳಲಾರೆ. ರಾಜ್‌ಕುಮಾರ್ 108 ದಿನ ಕಾಡಿನಲ್ಲಿದ್ದು ನವೆಂಬರ್ 15ಕ್ಕೆ ಬಿಡುಗಡೆಯಾಗಿದ್ದರು. ಹೆದರಿಕೆ ಕಳೆದಿತ್ತು. ಕನ್ನಡ ಮಾತಾಡಲು ಅಂದು ಧೈರ್ಯವೇ ಬೇಕಿರಲಿಲ್ಲ.